ಬುದ್ಧಿಹಲ್ಲು ಕೀಳಿಸುವ ಮುನ್ನ ಒಂದು ಲೆಕ್ಕ

ಇವತ್ತು ಹಲ್ಲಿನ ವಿಷಯ ಮಾತಾಡೋಣ. ಅದರಲ್ಲೂ ಬಾಯಿಯ ಕಟ್ಟಕಡೆಯ ಮೂಲೆಯಲ್ಲಿ, ಉಳಿದ ಹಲ್ಲುಗಳೆಲ್ಲ ಬಂದು ಕೂತ ಮೇಲೆ, ವಿರಾರ್ ಲೋಕಲನ್ನು ದಾದರಿನಲ್ಲಿ ಹತ್ತಿದವರ ಹಾಗೆ ಜಾಗಕ್ಕಾಗಿ ಒದ್ದಾಡುವ ಬುದ್ಧಿಹಲ್ಲಿನ ವಿಷಯ. ಮುಂಬಯಿ, ಪುಣೆಯಲ್ಲಿರುವವರು ಇದನ್ನು ಅಕ್ಕಲ್‌ದಾಢ ಎಂದು ಕೇಳಿರುತ್ತೀರಿ. ದೆಹಲಿಯವರಿಗೆ ಇದು ಅಕಲ್ ದಾಢ್, ಹೈದರಾಬಾದಿನವರಿಗೆ ಜ್ಞಾನದಂತಂ, ಚೆನ್ನೈಯವರಿಗೆ ಞಾನಪ್ಪಲ್. ಎಲ್ಲ ಭಾಷೆಯವರೂ ಇದಕ್ಕೆ ಬುದ್ಧಿಯನ್ನೋ ಜ್ಞಾನವನ್ನೋ ಅಂಟಿಸಿದ್ದಾರೆ. ಕಾರಣ ಇಷ್ಟೇ, ಈ ಹಲ್ಲು ಬರುವುದು ಸಾಮಾನ್ಯವಾಗಿ 17ರಿಂದ 25 ವರ್ಷದೊಳಗೆ. ಮನುಷ್ಯನಿಗೆ ತಿಳಿವಳಿಕೆ ಬರುವ ವಯಸ್ಸು ಅದೇ ಎಂದು ಹಿರಿಯರು ನಂಬಿದ್ದರು.

ನಾನು ದಂತವೈದ್ಯ. ಈ ಹಲ್ಲಿನ ವಿಷಯದಲ್ಲಿ ನನಗೇ ಬುದ್ಧಿ ತಡವಾಗಿ ಬಂದ ಒಂದು ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ. ನಾನು ವೃತ್ತಿಗೆ ಹೊಸಬನಾಗಿದ್ದ ದಿನಗಳು. ನಮ್ಮ ಕಡೆಯ ಒಂದು ಕುಟುಂಬ ತಮ್ಮ ಮಗಳನ್ನು ಕರೆತಂದಿತ್ತು. ಹುಡುಗಿಗೆ 18 ವರ್ಷ, ಪರೀಕ್ಷೆ ಎದುರಿಗಿತ್ತು. ಕೆಳದವಡೆಯ ಎಡಗಡೆ ಬುದ್ಧಿಹಲ್ಲು ಒಸಡನ್ನು ಸೀಳಿಕೊಂಡು ಮೇಲೆ ಬರುತ್ತಿತ್ತು, ಅದರ ಸುತ್ತ ಬಾವು. "ಡಾಕ್ಟ್ರೇ, ಇದರ ಕಾಟವೇ ಬೇಡ, ತೆಗೆದುಬಿಡಿ" ಎಂದರು ತಂದೆ. ನಾನು ತೆಗೆದುಬಿಟ್ಟೆ. ಹಲ್ಲು ನೆಟ್ಟಗಿತ್ತು, ಸುಲಭವಾಗಿ ಬಂತು. ಅದೇ ಬದಿಯಲ್ಲಿ, ಅದಕ್ಕೂ ಮುಂದೆ, ಮೊದಲನೆಯ ದವಡೆ ಹಲ್ಲು ಆಳವಾಗಿ ಹುಳುಕಾಗಿದ್ದುದನ್ನು ನೋಡಿದ್ದೆ. "ಪರೀಕ್ಷೆ ಮುಗಿಯಲಿ, ಆಮೇಲೆ ಅದನ್ನು ನೋಡೋಣ" ಎಂದು ಚೀಟಿಯಲ್ಲಿ ಬರೆದು ಕಳಿಸಿದೆ.

ಆರು ತಿಂಗಳ ಮೇಲೆ ಅವರು ಬಂದಾಗ ಆ ಹಲ್ಲು ಉಳಿಸುವ ಸ್ಥಿತಿಯಲ್ಲಿರಲಿಲ್ಲ. ಅದನ್ನೂ ಕಿತ್ತದ್ದಾಯಿತು. ಈಗ ಆ ಖಾಲಿ ಜಾಗಕ್ಕೆ ಏನು ಮಾಡುವುದು ಎಂದು ಯೋಚಿಸುತ್ತ ಕೂತಾಗ ನನಗೆ ಹೊಳೆಯಿತು. ಅಲ್ಲಿ ನೆಡಬಹುದಾಗಿದ್ದ ಒಂದು ಜೀವಂತ ಹಲ್ಲು, ಅವಳದೇ ಹಲ್ಲು, ಆರು ತಿಂಗಳ ಹಿಂದೆ ನನ್ನ ಇಕ್ಕಳದಲ್ಲಿತ್ತು. ಅದನ್ನು ನಾನೇ ಕಸಕ್ಕೆ ಹಾಕಿದ್ದೆ.

ಕೇಳುಗರೇ, ಒಂದು ಹಲ್ಲನ್ನು ಇನ್ನೊಂದರ ಜಾಗದಲ್ಲಿ ನೆಡುವುದೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಆ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ದವಡೆಯ ಲೆಕ್ಕ ಸ್ವಲ್ಪ ತಿಳಿದಿರಬೇಕು.

ದೊಡ್ಡವರ ಬಾಯಲ್ಲಿ ಪೂರ್ತಿ ಹಲ್ಲು 32. ನಾಲ್ಕು ಬುದ್ಧಿಹಲ್ಲು ಬಿಟ್ಟರೆ 28. ಕೆಲವರಿಗೆ ಬುದ್ಧಿಹಲ್ಲು ಹುಟ್ಟುವುದೇ ಇಲ್ಲ, ಅದೇನೂ ಕಾಯಿಲೆಯಲ್ಲ. ಪ್ರತಿ ಬದಿಯಲ್ಲೂ ದೊಡ್ಡ ದವಡೆ ಹಲ್ಲುಗಳು ಮೂರು. ಮೊದಲನೆಯದು ಆರನೆಯ ವರ್ಷದ ಸುಮಾರಿಗೆ, ಎರಡನೆಯದು ಹನ್ನೆರಡರ ಸುಮಾರಿಗೆ, ಮೂರನೆಯದೇ ಬುದ್ಧಿಹಲ್ಲು. ಇಲ್ಲಿ ತಾಯಂದಿರು ಒಂದು ಮಾತು ನೆನಪಿಡಬೇಕು. ಆರನೆಯ ವರ್ಷಕ್ಕೆ ಬರುವ ದವಡೆ ಹಲ್ಲು ಯಾವ ಹಾಲುಹಲ್ಲನ್ನೂ ಬೀಳಿಸದೆ, ಅವುಗಳ ಹಿಂದೆ ಸದ್ದಿಲ್ಲದೆ ಬರುತ್ತದೆ. ಹಾಗಾಗಿ ಅದೂ ಹಾಲುಹಲ್ಲೇ, ಹುಳುಕಾದರೂ ಬಿದ್ದು ಹೊಸದು ಬರುತ್ತದೆ ಎಂದು ಮನೆಯವರು ಸುಮ್ಮನಿರುತ್ತಾರೆ. ಅದು ಬಿದ್ದರೆ ಮತ್ತೆ ಬರುವುದಿಲ್ಲ. ಎಲ್ಲಕ್ಕಿಂತ ಮುಂಚೆ ಕಳೆದುಕೊಳ್ಳುವ ಶಾಶ್ವತ ಹಲ್ಲು ಬಹಳ ಸಲ ಇದೇ. ನನ್ನ ಆ ಹುಡುಗಿ ಕಳೆದುಕೊಂಡದ್ದೂ ಇದನ್ನೇ.

ಈಗ ಬುದ್ಧಿಹಲ್ಲಿಗೆ ಬರೋಣ. ದವಡೆಯಲ್ಲಿ ಜಾಗವಿದ್ದರೆ ಅದು ನೆಟ್ಟಗೆ ಬಂದು, ಉಳಿದವುಗಳ ಹಾಗೆಯೇ ಅಗಿಯುವ ಕೆಲಸ ಮಾಡುತ್ತದೆ. ಜಾಗ ಸಾಲದಿದ್ದರೆ ಮೂಳೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೆಳದವಡೆಯಲ್ಲಿ ಇದು ಹೆಚ್ಚಾಗಿ ಮುಂದಕ್ಕೆ ವಾಲಿಕೊಂಡು, ಪಕ್ಕದ ಹಲ್ಲಿನ ಬೆನ್ನಿಗೆ ತಲೆಯಿಟ್ಟು ನಿಂತಿರುತ್ತದೆ. ಕೆಲವರಲ್ಲಿ ಪೂರಾ ಅಡ್ಡ ಮಲಗಿರುತ್ತದೆ. ಅರ್ಧ ಹೊರಗೆ, ಅರ್ಧ ಒಸಡಿನ ಕೆಳಗೆ ಇರುವ ಹಲ್ಲೇ ಹೆಚ್ಚು ತೊಂದರೆ ಕೊಡುವುದು. ಅದರ ಮೇಲೆ ಒಸಡಿನ ಒಂದು ಮುಚ್ಚಳ ಇರುತ್ತದೆ. ಆ ಮುಚ್ಚಳದ ಕೆಳಗೆ ಅನ್ನದ ಅಗುಳು, ಚಟ್ನಿಯ ಚೂರು ಸೇರಿಕೊಂಡು ಕೊಳೆಯುತ್ತದೆ. ಒಸಡು ಊದಿಕೊಳ್ಳುತ್ತದೆ, ಎದುರಿನ ಹಲ್ಲು ಊದಿದ ಒಸಡನ್ನೇ ಕಚ್ಚುತ್ತದೆ, ಬಾಯಿ ತೆರೆಯಲು ಆಗುವುದಿಲ್ಲ, ಕಿವಿಯವರೆಗೂ ನೋವು.

ಆಗ ಮನೆಯಲ್ಲಿ ಏನು ಮಾಡಬೇಕು? ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ದಿನಕ್ಕೆ ನಾಲ್ಕೈದು ಬಾರಿ ಬಾಯಿ ಮುಕ್ಕಳಿಸಿ. ನೋವೆಂದು ಆ ಭಾಗವನ್ನು ಉಜ್ಜದೆ ಬಿಡಬೇಡಿ, ಮೆದು ಬ್ರಷ್‌ನಿಂದ ನಿಧಾನವಾಗಿ ಉಜ್ಜಿ. ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಇಟ್ಟುಕೊಳ್ಳುವವರಿದ್ದಾರೆ. ಅದು ನೋವನ್ನು ಕಳೆಯುವುದಿಲ್ಲ, ಒಸಡನ್ನು ಸುಡುತ್ತದೆ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡುವುದೂ ಬೇಡ. ಎದುರಿನ ಮೆಡಿಕಲ್ ಶಾಪಿನಲ್ಲಿ ಕೇಳಿ ನಾಲ್ಕು ಆಂಟಿಬಯಾಟಿಕ್ ಗುಳಿಗೆ ನುಂಗಿ, ನೋವು ಕಡಿಮೆಯಾದ ಕೂಡಲೇ ನಿಲ್ಲಿಸುವ ಅಭ್ಯಾಸವಂತೂ ಬೇಡವೇ ಬೇಡ. ಆ ಜಾಗವನ್ನು ಶುಚಿ ಮಾಡದೆ ಬರೀ ಗುಳಿಗೆ ನುಂಗಿದರೆ ಬಾವು ಮತ್ತೆ ಬರುತ್ತದೆ.

ಒಂದು ಎಚ್ಚರಿಕೆಯ ಮಾತು. ಊತ ದವಡೆಯ ಕೆಳಗೆ, ಕತ್ತಿನ ಕಡೆಗೆ ಇಳಿದರೆ, ಜ್ವರ ಬಂದರೆ, ನೀರು ನುಂಗಲು ಕಷ್ಟವಾದರೆ, ನಾಲಿಗೆ ಮೇಲೆ ಎದ್ದ ಹಾಗಾದರೆ, ಉಸಿರು ಕಟ್ಟಿದಂತಾದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎಷ್ಟೇ ಹೊತ್ತಾಗಿರಲಿ, ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಜರ್ಮನಿಯ ಲುಡ್ವಿಗ್ ಎಂಬ ವೈದ್ಯ 1836ರಲ್ಲಿ ಇಂಥ ಕತ್ತಿನ ಬಾವನ್ನು ವರ್ಣಿಸಿದ್ದ. ಇಂದಿಗೂ ಅದಕ್ಕೆ ಅವನದೇ ಹೆಸರು. ಅದರ ಮೂಲ ಬಹುತೇಕ ಕೆಳಗಿನ ದವಡೆ ಹಲ್ಲಿನಲ್ಲೇ ಇರುತ್ತದೆ, ಅದು ಜೀವಕ್ಕೇ ಎರವಾಗಬಲ್ಲದು.

ಹಾಗಾದರೆ ಬುದ್ಧಿಹಲ್ಲನ್ನು ಕೀಳಿಸಲೇಬೇಕೇ? ತೊಂದರೆ ಕೊಡುವುದನ್ನು ಕೀಳಿಸಬೇಕು. ಒಸಡಿನ ಬಾವು ಮತ್ತೆ ಮತ್ತೆ ಬರುತ್ತಿದ್ದರೆ, ಹಲ್ಲು ತುಂಬಿಸಲಾಗದಷ್ಟು ಹುಳುಕಾಗಿದ್ದರೆ, ಅದರ ಒತ್ತಡದ ಜಾಗದಲ್ಲಿ ಪಕ್ಕದ ಒಳ್ಳೆಯ ಹಲ್ಲೂ ಹುಳುಕಾಗತೊಡಗಿದ್ದರೆ, ಅದರ ಸುತ್ತ ಮೂಳೆಯಲ್ಲಿ ನೀರುಗಂಟು ಬೆಳೆದಿದ್ದರೆ ತಡ ಮಾಡಬಾರದು. ಆದರೆ ಯಾವ ತೊಂದರೆಯನ್ನೂ ಕೊಡದ, ಸುತ್ತ ಯಾವ ರೋಗವೂ ಇಲ್ಲದ ಹಲ್ಲನ್ನು 'ಮುಂದೆ ತೊಂದರೆ ಕೊಟ್ಟೀತು' ಎಂಬ ಒಂದೇ ಕಾರಣಕ್ಕೆ ಕೀಳುವುದನ್ನು ನಿಲ್ಲಿಸಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2000ನೇ ಇಸವಿಯಲ್ಲೇ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಹೇಳಿತು. ಈ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯ ಇದ್ದೇ ಇದೆ. ಕೀಳದೆ ಬಿಟ್ಟ ಹಲ್ಲನ್ನು ಆಗಾಗ ಪರೀಕ್ಷಿಸುತ್ತಿರಬೇಕು ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಇನ್ನು, ಬುದ್ಧಿಹಲ್ಲು ತಳ್ಳುವುದರಿಂದಲೇ ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬುದು ಇನ್ನೊಂದು ಭಯ. ಹಲ್ಲಿಗೆ ಹೋಗುವ ನರವೇ ಬೇರೆ, ನೋಟದ ನರವೇ ಬೇರೆ.

ಕೀಳಿಸುವುದೇ ಸರಿ ಎಂದಾದರೆ ಎರಡು ದವಡೆಗಳೂ ಒಟ್ಟಿಗೆ ಕಾಣುವ ದೊಡ್ಡ ಎಕ್ಸ್‌ರೇ, ಓಪಿಜಿ ಎನ್ನುತ್ತಾರೆ, ತೆಗೆಸಿಕೊಳ್ಳಿ. ಕೆಳದವಡೆಯ ಮೂಳೆಯೊಳಗೆ ಒಂದು ನರ ಹಾದುಹೋಗುತ್ತದೆ. ಕೆಳತುಟಿ ಮತ್ತು ಗಲ್ಲಕ್ಕೆ ಸ್ಪರ್ಶಜ್ಞಾನ ಕೊಡುವುದು ಅದೇ. ಬುದ್ಧಿಹಲ್ಲಿನ ಬೇರು ಕೆಲವರಲ್ಲಿ ಆ ನರಕ್ಕೆ ತಾಗಿಕೊಂಡೇ ಇರುತ್ತದೆ. ಹಾಗಿದ್ದಾಗ ಕಿತ್ತ ಮೇಲೆ ತುಟಿ ಜೋಮು ಹಿಡಿದಂತೆ ಉಳಿಯುವ ಸಂಭವವಿದೆ. ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳಲ್ಲಿ ಸರಿಹೋಗುತ್ತದೆ, ಅಪರೂಪಕ್ಕೆ ಉಳಿದುಬಿಡುತ್ತದೆ. "ಬೇರು ನರಕ್ಕೆ ಎಷ್ಟು ಹತ್ತಿರವಿದೆ?" ಎಂದು ವೈದ್ಯರನ್ನು ಕೇಳುವುದಕ್ಕೆ ಸಂಕೋಚ ಬೇಡ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧಿ, ಇವುಗಳನ್ನು ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದವರಿಗೆ ಕೆನ್ನೆಯ ಒಳಪದರ ಬಿಗಿದುಕೊಂಡು ಬಾಯಿಯೇ ತೆರೆಯದಂತಾಗುತ್ತದೆ. ಅಂಥವರ ಬುದ್ಧಿಹಲ್ಲು ತೆಗೆಯುವುದು ನಮಗೂ ಕಷ್ಟ, ಅವರಿಗೂ ಕಷ್ಟ. ಮಲೆನಾಡು, ಕರಾವಳಿಯಿಂದ ಬಂದ ನಮ್ಮವರು ಇದನ್ನು ಗಮನಿಸಬೇಕು.

ಕಿತ್ತ ಮೇಲೆ ಹತ್ತಿಯನ್ನು ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. ಆ ದಿನ ಮುಕ್ಕಳಿಸುವುದು, ಉಗುಳುವುದು, ಸ್ಟ್ರಾ ಹಾಕಿ ಎಳನೀರು ಹೀರುವುದು, ಬೀಡಿ ಸಿಗರೇಟು ಎಲ್ಲ ನಿಷಿದ್ಧ. ಗುಳಿಯಲ್ಲಿ ಕಟ್ಟುವ ರಕ್ತದ ಹೆಪ್ಪೇ ಗಾಯದ ಮುಚ್ಚಳ, ಅದು ಕಳಚಬಾರದು. ಕಳಚಿದರೆ ಮೂರು ನಾಲ್ಕನೆಯ ದಿನ ಸಹಿಸಲಾಗದ ನೋವು ಶುರುವಾಗುತ್ತದೆ. ಹಾಗಾದರೆ ಮತ್ತೆ ವೈದ್ಯರಲ್ಲಿಗೆ ಹೋಗಿ, ಅದಕ್ಕೆ ಔಷಧಿಯ ಪಟ್ಟಿ ಇಡುತ್ತಾರೆ. ಮೊದಲ ದಿನ ಆರಿದ ಗಂಜಿ, ಮೊಸರನ್ನ. ರಾಗಿ ಮುದ್ದೆ ತಿನ್ನುವವರಿಗೆ ಚಿಂತೆಯೇ ಇಲ್ಲ, ಅದನ್ನು ಹೇಗೂ ಅಗಿಯುವುದಿಲ್ಲ. ಆದರೆ ಆರಿದ ಮೇಲೆ ನುಂಗಿ. 24 ಗಂಟೆ ಕಳೆದ ಮೇಲೆ ಉಪ್ಪುನೀರು ಶುರು ಮಾಡಬಹುದು.

ಇನ್ನು ಕಳೆದುಹೋದ ದವಡೆ ಹಲ್ಲಿನ ಮಾತು. 'ಒಳಗಿನ ಹಲ್ಲು ತಾನೇ, ಯಾರಿಗೆ ಕಾಣುತ್ತದೆ' ಎಂದು ಬಿಟ್ಟುಬಿಡುವವರೇ ಹೆಚ್ಚು. ಮೊದಲನೆಯ ದವಡೆ ಹಲ್ಲು ಹೋದ ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ನಿಧಾನವಾಗಿ ಮುಂದಕ್ಕೆ ವಾಲುತ್ತದೆ. ಎದುರಿನ ಹಲ್ಲು ತನ್ನನ್ನು ತಡೆಯುವವರಿಲ್ಲದೆ ಆ ಖಾಲಿಗೆ ಇಳಿಯುತ್ತ ಬರುತ್ತದೆ. ಸಂದಿಗಳಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆ. ಹಲ್ಲಿಲ್ಲದ ಕಡೆ ಮೂಳೆ ಸವೆಯುತ್ತದೆ. ಎಲ್ಲರಲ್ಲೂ ಇದೆಲ್ಲ ಆಗಿಯೇ ತೀರುತ್ತದೆ ಎಂದಲ್ಲ. ನೆದರ್‌ಲೆಂಡ್ಸಿನ ನೈಮೆಗನ್ನಿನಲ್ಲಿದ್ದ ಕೈಸರ್ ಎಂಬ ದಂತವೈದ್ಯ 1981ರಲ್ಲಿ ಒಂದು ಮಾತು ತೋರಿಸಿಕೊಟ್ಟ: ಕಟ್ಟಕಡೆಯ ದವಡೆ ಹಲ್ಲುಗಳು ಕೆಲವು ಇಲ್ಲದಿದ್ದರೂ, ಮುಂದಿನವು ಗಟ್ಟಿಯಾಗಿದ್ದರೆ ಮನುಷ್ಯ ತೃಪ್ತಿಯಾಗಿ ಅಗಿಯಬಲ್ಲ. ಆದ್ದರಿಂದ 60 ದಾಟಿದವರೊಬ್ಬರಿಗೆ ಹಿಂದಿನ ಎರಡನೆಯ ದವಡೆ ಹಲ್ಲು ಹೋಗಿದ್ದು, ರೊಟ್ಟಿ ತಿನ್ನಲು ತೊಂದರೆಯಿಲ್ಲ ಎಂದಾದರೆ ನಾನು ಸುಮ್ಮನಿರಿ ಎನ್ನುತ್ತೇನೆ. ಹರೆಯದವರ ಮೊದಲನೆಯ ದವಡೆ ಹಲ್ಲಿನ ಮಾತು ಬೇರೆ.

ತುಂಬಿಸುವ ದಾರಿಗಳು ಯಾವುವು? ಒಂದು, ತೆಗೆದು ಹಾಕುವ ಹಲ್ಲು. ಖರ್ಚು ಕಡಿಮೆ, ಪಕ್ಕದ ಹಲ್ಲನ್ನು ಹೆಚ್ಚು ಉಜ್ಜಬೇಕಿಲ್ಲ. ಆದರೆ ರಾತ್ರಿ ತೆಗೆದಿಡಬೇಕು, ಒಂದು ಹಲ್ಲಿಗಾಗಿ ಅದನ್ನು ಹಾಕಿಕೊಳ್ಳುವವರು ಕೆಲ ದಿನಗಳಲ್ಲೇ ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ಎರಡು, ಬ್ರಿಜ್. ಆಚೀಚೆಯ ಎರಡು ಹಲ್ಲನ್ನು ಸುತ್ತಲೂ ಉಜ್ಜಿ, ಅವಕ್ಕೆ ಕ್ಯಾಪ್ ಹಾಕಿ, ನಡುವೆ ಹುಸಿ ಹಲ್ಲನ್ನು ಜೋಡಿಸುವುದು. ಬೇಗ ಮುಗಿಯುತ್ತದೆ, ಗಟ್ಟಿಯೂ ಹೌದು. ಆದರೆ ಆ ಎರಡು ಹಲ್ಲು ಹುಳುಕಿಲ್ಲದ ಒಳ್ಳೆಯ ಹಲ್ಲುಗಳಾಗಿದ್ದರೆ ಅವನ್ನು ಕೆತ್ತಲು ಮನಸ್ಸು ಬರುವುದಿಲ್ಲ. ಮೂರು, ಇಂಪ್ಲಾಂಟ್. ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯ ಮೇಲೆ ಸಂಶೋಧನೆ ಮಾಡುವಾಗ ಟೈಟೇನಿಯಂ ಲೋಹ ಮೂಳೆಯೊಂದಿಗೆ ಬೆಸೆದುಕೊಳ್ಳುವುದನ್ನು ಕಂಡರು. 1965ರಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ದವಡೆಯಲ್ಲಿ ಅಂಥ ತಿರುಪುಗಳನ್ನು ಕೂರಿಸಿದರು. ಪಕ್ಕದ ಹಲ್ಲುಗಳನ್ನು ಮುಟ್ಟಬೇಕಿಲ್ಲ ಎಂಬುದು ಇದರ ದೊಡ್ಡ ಲಾಭ. ಖರ್ಚು ಹೆಚ್ಚು, ಮೂಳೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು. ಧೂಮಪಾನಿಗಳಿಗೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರಿಗೆ ಸೋಲುವ ಸಂಭವ ಜಾಸ್ತಿ. ದವಡೆ ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಹಾಕುವಂತಿಲ್ಲ.

ನಾಲ್ಕನೆಯ ದಾರಿಯೇ ನಾನು ಆಗ ಮರೆತದ್ದು: ನಮ್ಮದೇ ಬುದ್ಧಿಹಲ್ಲು.

ಹಲ್ಲು ನೆಡುವುದು ಹೊಸ ಯೋಚನೆಯಲ್ಲ. 18ನೇ ಶತಮಾನದ ಲಂಡನ್ನಿನಲ್ಲಿ ಶಸ್ತ್ರವೈದ್ಯ ಜಾನ್ ಹಂಟರ್ ಒಬ್ಬರ ಹಲ್ಲನ್ನು ಇನ್ನೊಬ್ಬರಿಗೆ ನೆಡುವುದನ್ನು ಪ್ರಚಾರಕ್ಕೆ ತಂದಿದ್ದ. ಬಡವರು ಕಾಸಿಗೆ ಹಲ್ಲು ಮಾರಿದರು, ಸಿರಿವಂತರು ಅದನ್ನು ಬಾಯಿಗೆ ಇಡಿಸಿಕೊಂಡರು. ರೋಲಂಡ್‌ಸನ್ ಎಂಬ ಚಿತ್ರಕಾರ 1787ರಲ್ಲಿ ಅದನ್ನು ಲೇವಡಿ ಮಾಡಿ ಚಿತ್ರ ಬರೆದ. ಇನ್ನೊಬ್ಬರ ಹಲ್ಲು ಬಾಳಲಿಲ್ಲ, ಜೊತೆಗೆ ರೋಗವೂ ಅಂಟಿತು. ತನ್ನದೇ ಹಲ್ಲಾದರೆ ಮಾತು ಬೇರೆ. ಡೆನ್ಮಾರ್ಕಿನ ಆಂಡ್ರಿಯಾಸೆನ್ ಮತ್ತು ಸಂಗಡಿಗರು ಹೀಗೆ ಅದೇ ಬಾಯಿಯಲ್ಲಿ ಸ್ಥಳ ಬದಲಿಸಿದ 370 ಕಿರುದವಡೆ ಹಲ್ಲುಗಳನ್ನು ವರ್ಷಗಟ್ಟಲೆ ಗಮನಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರು ಇನ್ನೂ ಪೂರ್ತಿ ಬೆಳೆಯದ ಹಲ್ಲು ಹೊಸ ಜಾಗದಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂಬುದು ಅಂಥ ಅಧ್ಯಯನಗಳಿಂದ ಸ್ಪಷ್ಟವಾಯಿತು.

ಸಸಿ ಕಿತ್ತು ನಾಟಿ ಮಾಡಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬುದ್ಧಿಹಲ್ಲಿನ ಬೇರು ಮೂರರಲ್ಲಿ ಎರಡು ಪಾಲು ಬೆಳೆದು, ತುದಿ ಇನ್ನೂ ತೆರೆದಿರುವ ವಯಸ್ಸು ಸುಮಾರು 17ರಿಂದ 20. ಹಾಳಾದ ದವಡೆ ಹಲ್ಲನ್ನು ತೆಗೆದು, ಗುಳಿಯನ್ನು ಅಳತೆಗೆ ಹದಮಾಡಿ, ಬುದ್ಧಿಹಲ್ಲನ್ನು ಬೇರಿನ ಹೊರಪದರಕ್ಕೆ ಪೆಟ್ಟಾಗದಂತೆ ಎತ್ತಿ, ಕೂಡಲೇ ಅಲ್ಲಿ ಇಡಬೇಕು. ಒಂದೆರಡು ವಾರ ದಾರದಿಂದಲೋ ತಂತಿಯಿಂದಲೋ ಹಿಡಿಸಿಡುತ್ತಾರೆ. ತುದಿ ತೆರೆದ ಬೇರಾದರೆ ಒಳಗಿನ ರಕ್ತನಾಳ ಮತ್ತೆ ಚಿಗುರಬಹುದು. ಬೇರು ಮುಚ್ಚಿದ್ದರೆ ರೂಟ್ ಕೆನಾಲ್ ಮಾಡಬೇಕಾಗುತ್ತದೆ. ಎಲ್ಲರಿಗೂ ಇದು ಒಗ್ಗುವುದಿಲ್ಲ. ಹಲ್ಲಿನ ಗಾತ್ರ ಸರಿಹೊಂದಬೇಕು, ಸುತ್ತ ಮೂಳೆ ಇರಬೇಕು, ಅಡ್ಡಾದಿಡ್ಡಿ ಬೇರಿನ ಹಲ್ಲು ಆಗದು. ಕೆಲವು ಸಲ ಬೇರು ಕರಗಿ ಹಲ್ಲು ಹೋಗಿಯೂಬಿಡುತ್ತದೆ. ಕೈ ಪಳಗಿದ ವೈದ್ಯರೇ ಮಾಡಬೇಕು. ಆದರೆ ಫಲಿಸಿದರೆ ಅದು ನಿಜವಾದ ಹಲ್ಲು, ದವಡೆ ಬೆಳೆದಂತೆ ತಾನೂ ಹೊಂದಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ ಕ್ಲಿಪ್ ಹಾಕಿ ಎರಡನೆಯ ದವಡೆ ಹಲ್ಲನ್ನೂ ಬುದ್ಧಿಹಲ್ಲನ್ನೂ ಮುಂದಕ್ಕೆ ಎಳೆದು ಖಾಲಿ ಜಾಗ ಮುಚ್ಚುವುದೂ ಸಾಧ್ಯ.

ನನ್ನ ಆ ಹುಡುಗಿಗೆ ಕೊನೆಗೆ ಬ್ರಿಜ್ ಹಾಕಿದೆ. ಹದಿಹರೆಯದ ಹಲ್ಲಿನೊಳಗೆ ನರದ ಕೋಣೆ ದೊಡ್ಡದು. ಕೆತ್ತಿದ ಎರಡರಲ್ಲಿ ಒಂದಕ್ಕೆ ಎರಡು ವರ್ಷದೊಳಗೆ ರೂಟ್ ಕೆನಾಲ್ ಮಾಡಬೇಕಾಯಿತು. ಒಂದು ಹಲ್ಲಿನ ತೊಂದರೆ ಮೂರಕ್ಕೆ ಹಬ್ಬಿತು. ನಾನು ಅವಳ ತಂದೆಗೆ ನಡೆದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆಗೆಯಿರಿ ಅಂದವನು ನಾನೇ ಅಲ್ಲವೇ ಡಾಕ್ಟ್ರೇ" ಎಂದರು. ದೊಡ್ಡ ಮನಸ್ಸಿನವರು. ಆದರೆ ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಬೇಕಿತ್ತು. ಅಂದಿನಿಂದ ಬುದ್ಧಿಹಲ್ಲು ಕೀಳುವ ಮೊದಲು ಉಳಿದ ದವಡೆ ಹಲ್ಲುಗಳನ್ನು ಒಂದೊಂದಾಗಿ ಎಣಿಸಿ ನೋಡುತ್ತೇನೆ.

ನಿಮ್ಮಲ್ಲೂ ಅದನ್ನೇ ಕೇಳಿಕೊಳ್ಳುತ್ತೇನೆ. ಮನೆಯಲ್ಲಿ 17-18ರ ಮಗನೋ ಮಗಳೋ ಇದ್ದು, ಬುದ್ಧಿಹಲ್ಲು ಕೀಳಿಸುವ ಮಾತು ಬಂದರೆ ವೈದ್ಯರಿಗೆ ಮೂರು ಪ್ರಶ್ನೆ ಹಾಕಿ. ಇದನ್ನು ಈಗಲೇ ತೆಗೆಯಬೇಕೇ, ಶುಚಿ ಮಾಡಿ ಕಾಯಬಹುದೇ? ಬೇರು ನರದಿಂದ ಎಷ್ಟು ದೂರವಿದೆ? ಬೇರೆ ಯಾವುದಾದರೂ ದವಡೆ ಹಲ್ಲು ಹೋಗುವ ಹಾಗಿದ್ದರೆ ಇದು ಅಲ್ಲಿಗೆ ಉಪಯೋಗಕ್ಕೆ ಬಂದೀತೇ? ಉತ್ತರ 'ಇಲ್ಲ, ತೆಗೆಯಲೇಬೇಕು' ಎಂದಾದರೆ ಧೈರ್ಯವಾಗಿ ತೆಗೆಸಿ.

ಖರ್ಚಿನ ಚಿಂತೆಯಿದ್ದರೆ ನಿಮ್ಮ ಊರಿನಲ್ಲೇ ಸರ್ಕಾರಿ ದಂತ ಕಾಲೇಜುಗಳಿವೆ. ಮುಂಬಯಿಯಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ದಂತ ಕಾಲೇಜು, ಮುಂಬಯಿ ಸೆಂಟ್ರಲ್ ಬಳಿ ಪಾಲಿಕೆಯ ನಾಯರ್ ದಂತ ಆಸ್ಪತ್ರೆ, ದೆಹಲಿಯಲ್ಲಿ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ, ಚೆನ್ನೈ ಮತ್ತು ಹೈದರಾಬಾದಿನಲ್ಲಿ ಸರ್ಕಾರಿ ದಂತ ಕಾಲೇಜುಗಳು. ಸರದಿಯಲ್ಲಿ ಕೂರಬೇಕಾಗುತ್ತದೆ, ಆದರೆ ಎಲ್ಲ ವಿಭಾಗದ ತಜ್ಞರೂ ಒಂದೇ ಕಡೆ ಸಿಗುತ್ತಾರೆ. ಹೋಗುವಾಗ ಹಳೆಯ ಎಕ್ಸ್‌ರೇಗಳನ್ನು ಜೊತೆಗೆ ಒಯ್ಯಿರಿ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಊರು ಬಿಟ್ಟು ಬಂದು ದುಡಿದು, ಕಡಲೆಗೆ ದಾರಿ ಮಾಡಿಕೊಂಡಿದ್ದೀರಿ. ಹಲ್ಲನ್ನೂ ಉಳಿಸಿಕೊಳ್ಳಿ. ಇವತ್ತು ರಾತ್ರಿ ಮಲಗುವ ಮುನ್ನ ಹಲ್ಲುಜ್ಜುವಾಗ ಬ್ರಷ್ಷನ್ನು ಒಮ್ಮೆ ಆ ಕೊನೆಯ ಮೂಲೆಯವರೆಗೂ ಒಯ್ಯಿರಿ.